ಬಲಕ್ಕೆ ತಿರುಗಿದಾಗ ಮಾತ್ರ ನಿಂತುಹೋಗುತ್ತಿದ್ದ ಗಾಡಿ

ನಿನ್ನೆ ಸಂಜೆ ಆರೂವರೆಗೆ ನಮ್ಮ ಹಿತ್ತಲಿನ ದೊಡ್ಡ ಸೈಜುಗಲ್ಲನ್ನು ನನ್ನ ಪುಟ್ಟ ರಿಮೋಟ್ ಗಾಡಿ ಹತ್ತಿತು. ಅದೂ ಬಲಕ್ಕೆ ತಿರುಗಿಕೊಂಡೇ ಹತ್ತಿತು. ನಡುವೆ ಒಂದು ಸಲವೂ ನಿಲ್ಲಲಿಲ್ಲ. ಅಕ್ಕನ ಮಗ ಹಾಕಿದ ಕೇಕೆಗೆ ಪಕ್ಕದ ಮನೆಯವರು ಕಿಟಕಿ ತೆಗೆದು ಇಣುಕಿದರು. ಹತ್ತೊಂಬತ್ತು ದಿನದಿಂದ ತಡೆದಿಟ್ಟುಕೊಂಡಿದ್ದ ಕೇಕೆ ಅದು.

ಗಾಡಿ ನಿಮಗೆ ಗೊತ್ತಿರಬಹುದು: ನಿಜವಾದ ಗಾಡಿಯ 24ನೇ ಒಂದು ಪಾಲಿನ ಅಳತೆಯದು, ಬಂಡೆ ಹತ್ತಲೆಂದೇ ಮಾಡಿದ್ದು. ಆಕ್ಸಿಯಲ್ ಎಸ್‌ಸಿಎಕ್ಸ್24. ಟೈರಿನ ಫೋಮ್ ಬದಲಿಸಿದ್ದು, ಶಾಕ್ ಬದಲಿಸಿದ್ದು, ಬ್ಯಾಟರಿಯನ್ನು ಮುಂದಕ್ಕೆ ತಂದು ಕೂರಿಸಿದ್ದು, ಇದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಎಲ್ಲರೂ ಮಾಡುವ ಕೆಲಸವೇ. ಮೂಲ ಸರ್ವೋ (ಮುಂದಿನ ಚಕ್ರಗಳನ್ನು ಎಡಬಲ ತಿರುಗಿಸುವ ಪುಟ್ಟ ಮೋಟಾರು) ತೆಗೆದು ಇಮ್ಯಾಕ್ಸ್ ಇಎಸ್08ಎಂಎ ಹಾಕಿದ್ದೇನೆ. 12 ಗ್ರಾಂ ತೂಕ, ಲೋಹದ ಗೇರು. ಅದೂ ಹೊಸ ವಿಷಯವಲ್ಲ. ಕಥೆ ಶುರುವಾಗುವುದು ಹಿತ್ತಾಳೆಯಿಂದ.

ಹಿತ್ತಾಳೆ ಯಾಕೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಗಾಡಿ ಓಡಬೇಕಾದರೆ ಹಗುರ ಇರಬೇಕಲ್ವಾ, ನೀನು ಯಾಕೆ ಭಾರ ಮಾಡ್ತೀಯ ಅಂತ. ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ನನ್ನ ಗಾಡಿಯ ಅಗಲ ಟೈರಿನ ಹೊರ ಅಂಚಿನಿಂದ ಅಂಚಿಗೆ ಸುಮಾರು 100 ಮಿ.ಮೀ. ಅದರ ಅರ್ಧ 50. ಗಾಡಿಯ ಭಾರದ ಕೇಂದ್ರ ನೆಲದಿಂದ 55 ಮಿ.ಮೀ. ಮೇಲಿದ್ದರೆ, ಪಕ್ಕಕ್ಕೆ 42 ಡಿಗ್ರಿ ವಾಲಿದಾಗ ಉರುಳಿತು ಅಂತಲೇ ಲೆಕ್ಕ. ಅದೇ ಕೇಂದ್ರವನ್ನು 45ಕ್ಕೆ ಇಳಿಸಿದರೆ 48 ಡಿಗ್ರಿವರೆಗೆ ತಡೆಯುತ್ತದೆ. ಸ್ಪ್ರಿಂಗ್ ಒತ್ತಿಕೊಂಡು ಬಾಡಿ ವಾಲುವುದರಿಂದ ನಿಜದಲ್ಲಿ ಸ್ವಲ್ಪ ಮೊದಲೇ ಉರುಳುತ್ತದೆ, ಆದರೂ ಆ ಆರು ಡಿಗ್ರಿ ದೊಡ್ಡದು. ಭಾರ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಅದಕ್ಕೇ ಚಕ್ರದ ನಡುವಿನ ಹಬ್ಬು, ಮುಂದಿನ ಚಕ್ರ ತಿರುಗಲು ಆಧಾರವಾದ ನಕಲ್ಲು, ಆಕ್ಸಲ್ಲಿನ ನಡುವಿನ ಗೇರು ಮುಚ್ಚುವ ಡಿಫ್ ಕವರು, ಎಲ್ಲ ಆಕ್ಸಲ್ಲಿನ ಮಟ್ಟದಲ್ಲೇ ಭಾರ. ಮೇಲಿನದೆಲ್ಲ ಹಗುರ. ಮುಂದಿನ ಆಕ್ಸಲ್ಲಿಗೆ ಜಾಸ್ತಿ ಹಾಕಿದರೆ ಏರಿನಲ್ಲಿ ಮೂತಿ ಮೇಲೇಳುವುದಿಲ್ಲ. ಎರಡು ಅಡಿಗೆಮನೆ ತಕ್ಕಡಿ ಇಟ್ಟು ತೂಗಿದೆ: ಈಗ ಮುಂದೆ 58 ಪಾಲು, ಹಿಂದೆ 42.

ಹಿತ್ತಾಳೆ ಅಂತ ಕೇಳಿದರೆ ಹಿತ್ತಾಳೆಯೇ ಬರಬೇಕು ತಾನೆ? ಮೊದಲು ತರಿಸಿದ ಡಿಫ್ ಕವರ್ 11 ಗ್ರಾಂ ಅಂತ ಅಂಗಡಿಯವರು ಹೇಳಿದ್ದರು. ಬಂದಿದ್ದು ತೂಗಿದರೆ 8.6. ಕೇಳಿದ್ದಕ್ಕೆ "ಕಲರ್ ನೋಡಿ ಸಾರ್, ಹಿತ್ತಾಳೆನೇ" ಅಂದರು. ಬಣ್ಣ ನೋಡಿ ಲೋಹ ಕೊಳ್ಳುವುದಾದರೆ ತಕ್ಕಡಿ ಯಾಕೆ ಬೇಕಿತ್ತು? ಸಿಟ್ಟು ಬಂತು. ನಾನು ಮೈಸೂರಿನವನು. ಇಲ್ಲಿ ಲೋಹದ ಬಗ್ಗೆ ಅನುಮಾನ ಬಂದರೆ ಹೋಗಬೇಕಾದ ಜಾಗ ಒಂದೇ. ನಮ್ಮ ಮನೆಗೆ ಮೂರು ತಲೆಮಾರಿನಿಂದ ಒಡವೆ ಮಾಡಿಕೊಡುವ ಆಚಾರ್ರ ಹತ್ತಿರ ಹೋದೆ.

ಆಚಾರ್ರು ಕವರನ್ನು ನೆಲಕ್ಕೆ ಹಾಕಿ ಸದ್ದು ಕೇಳಿದರು. ತಲೆ ಅಲ್ಲಾಡಿಸಿದರು. ಆಮೇಲೆ ನೂಲು ಕಟ್ಟಿ ನೀರಿನ ಲೋಟದೊಳಗೆ ಇಳಿಬಿಟ್ಟು ತೂಗಿದರು. ಗಾಳಿಯಲ್ಲಿ 8.6 ಇದ್ದದ್ದು ನೀರಲ್ಲಿ 1.3 ಗ್ರಾಂ ಕಡಿಮೆ ತೋರಿಸಿತು. 8.6ನ್ನು 1.3ರಿಂದ ಭಾಗಿಸಿದರೆ ಸಾಂದ್ರತೆ 6.6. ಹಿತ್ತಾಳೆಯಾಗಿದ್ದರೆ ಎಂಟೂವರೆಯ ಆಸುಪಾಸು ಬರಬೇಕು. 6.6 ಅಂದರೆ ಸತುವಿನ ಮಿಶ್ರಲೋಹ, ಮೇಲೆ ಬಣ್ಣದ ಲೇಪ. ಆಚಾರ್ರು ಮೂಲೆಗೆ ಒಮ್ಮೆ ಅರ ಆಡಿಸಿದರು. ಒಳಗೆ ಬೂದು ಬಣ್ಣ. "ನೋಡಪ್ಪಾ, ಇದು ಮುಖಕ್ಕೆ ಅರಿಶಿನ ಹಚ್ಚಿಕೊಂಡಿದೆ ಅಷ್ಟೆ" ಅಂದರು. ಅದೇ ಫೋಟೋ ಕಳಿಸಿದೆ. ಅಂಗಡಿಯವರಿಂದ ಆಮೇಲೆ ಉತ್ತರವೇ ಇಲ್ಲ.

ಬೇರೆ ಕಡೆಯಿಂದ ನಿಜವಾದ ಹಿತ್ತಾಳೆ ತರಿಸಲು ಐದು ವಾರ ಹಿಡಿಯಿತು. ಇದು 11.02 ಗ್ರಾಂ. ನೋಡಲು ಸ್ವಲ್ಪ ದಪ್ಪ. ಹಾಕಿದೆ, ಖುಷಿಯಾಯಿತು. ಆ ಖುಷಿ ಒಂದು ಸಂಜೆ ಮಾತ್ರ.

ಮಾರನೇ ದಿನ ಸೈಜುಗಲ್ಲಿನ ಸಂದಿಗೆ ಮುಂದಿನ ಚಕ್ರ ಇಟ್ಟು ಬಲಕ್ಕೆ ತಿರುಗಿಸಿದೆ. ಗಾಡಿ ಸತ್ತಂತೆ ನಿಂತಿತು. ದೀಪ ಆರಿತು. ಎರಡು ಸೆಕೆಂಡು ಬಿಟ್ಟು ದೀಪ ಮಿಣುಕಿ ಮತ್ತೆ ಜೀವ ಬಂತು. ಅಷ್ಟರಲ್ಲಿ ಗಾಡಿ ಜಾರಿ ಕೆಳಗೆ ಬಿದ್ದಿತ್ತು. ಎಡಕ್ಕೆ ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ. ಸಮತಟ್ಟು ನೆಲದಲ್ಲೂ ಏನೂ ಇಲ್ಲ. ಏರು ಇರಬೇಕು, ಚಕ್ರ ಸಿಕ್ಕಿಕೊಂಡಿರಬೇಕು, ಬಲಕ್ಕೇ ತಿರುಗಿಸಬೇಕು. ಆಗ ಮಾತ್ರ ನಿಲ್ಲುತ್ತಿತ್ತು.

ಬ್ರೌನ್‌ಔಟ್ ಅಂತ ಮೊದಲ ದಿನವೇ ಗೊತ್ತಾಯಿತು. ಸರ್ವೋ ಜಾಸ್ತಿ ಕರೆಂಟು ಎಳೆದಾಗ ಬಿಇಸಿ (ಬ್ಯಾಟರಿಯ ವೋಲ್ಟೇಜು ಇಳಿಸಿ ಸರ್ವೋಗೂ ರಿಸೀವರಿಗೂ ಕೊಡುವ ಭಾಗ) ಕೊಡುವ ವೋಲ್ಟೇಜು ಕುಸಿದು, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇವೆರಡೂ ಇರುವ ಆ ಪುಟ್ಟ ಬೋರ್ಡು ಅದರ ಜೊತೆಗೆ ಬಂದ ಪುಟ್ಟ ಸರ್ವೋಗೆಂದು ಮಾಡಿದ್ದು. ದೊಡ್ಡ ಸರ್ವೋ ಹಾಕಿದವನು ನಾನು. ಹಾಗಾಗಿ ಬೋರ್ಡನ್ನು ದೂರುವುದಿಲ್ಲ. ಆದರೆ ಇದೇ ಸರ್ವೋ ಎರಡು ತಿಂಗಳು ಸರಿಯಾಗಿಯೇ ಇತ್ತಲ್ಲ? ಅದೇ ತಲೆ ತಿನ್ನುತ್ತಿತ್ತು.

ಬ್ಯಾಟರಿ ಬದಲಿಸಿದೆ. ಪೂರ್ತಿ ಚಾರ್ಜು, 8.4 ವೋಲ್ಟು. ಅದೇ ಕಥೆ. ಕನೆಕ್ಟರ್ ಮತ್ತೆ ಬೆಸುಗೆ ಹಾಕಿದೆ. ಅದೇ ಕಥೆ. ಮಲ್ಟಿಮೀಟರನ್ನು ಕನಿಷ್ಠ ವೋಲ್ಟೇಜು ಹಿಡಿದಿಟ್ಟುಕೊಳ್ಳುವ ಹಾಗೆ ಇಟ್ಟು ಸರ್ವೋ ವೈರಿಗೆ ಚುಚ್ಚಿದೆ. ಎಡಕ್ಕೆ 4.7ರ ಕೆಳಗೆ ಇಳಿಯಲಿಲ್ಲ. ಬಲಕ್ಕೆ 3.1. ಈ ಒಂದು ಅಂಕಿ ನೋಡಿದ ಮೇಲೆ ಮೂರು ರಾತ್ರಿ ನಿದ್ದೆ ಬರಲಿಲ್ಲ.

ಬೆಂಗಳೂರಿಗೆ ಹೋದವನು ಎಸ್.ಪಿ. ರೋಡಿನಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ತಂದೆ. ಸರ್ವೋ ಲೈನಿಗೆ ಹಾಕಿದೆ. ಸ್ವಲ್ಪ ಸುಧಾರಿಸಿತು ಅನ್ನಿಸಿತು, ಆದರೆ ಅನ್ನಿಸಿದ್ದಷ್ಟೆ. ಲೆಕ್ಕ ಹಾಕಿದಾಗ ಗೊತ್ತಾಯಿತು. 1000 ಮೈಕ್ರೋಫ್ಯಾರಡ್, ಎರಡು ವೋಲ್ಟು ಕುಸಿಯುವವರೆಗೆ, ಒಂದು ಆಂಪಿಯರ್ ಎಳೆತ. ಅದು ತಡೆಯುವುದು ಎರಡು ಮಿಲಿಸೆಕೆಂಡು. ಕ್ಷಣದ ಜರ್ಕಿಗೆ ಕೆಪಾಸಿಟರ್ ಸಾಕು. ಒಂದೇ ಸಮನೆ ಎಳೆಯುವ ಸರ್ವೋಗೆ ಬಾವಿಗೆ ಚೊಂಬಿನಲ್ಲಿ ನೀರು ಹೊಯ್ದ ಹಾಗೆ. ಅಂದರೆ ನನ್ನ ಸರ್ವೋ ಕ್ಷಣಕ್ಕಲ್ಲ, ಒಂದೇ ಸಮನೆ ಎಳೆಯುತ್ತಿದೆ. ಇಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಬದಲಿಗೆ ಬೇರೆ ಬಿಇಸಿ ಹಾಕಿದೆ. ರಿಸೀವರಿನಿಂದ ಸರ್ವೋದ ಕೆಂಪು ವೈರ್ ಬಿಡಿಸಿ, ಬ್ಯಾಟರಿಯಿಂದ ಆ ಹೊಸ ಬಿಇಸಿ ಮೂಲಕ ಕೊಟ್ಟೆ. ಗಾಡಿ ನಿಲ್ಲುವುದು ತಪ್ಪಿತು! ಆದರೆ ಎರಡು ನಿಮಿಷಕ್ಕೆ ಸರ್ವೋ ಬೆರಳಿಡಲು ಆಗದಷ್ಟು ಕಾದಿತ್ತು. ತಕ್ಷಣ ಬ್ಯಾಟರಿ ಕಿತ್ತೆ. ರಿಮೋಟಿನಲ್ಲಿ ಸ್ಟಿಯರಿಂಗ್ ರೇಟ್ ಗುಂಡಿ ಕಡಿಮೆ ಮಾಡಿದರೆ ಬಿಸಿಯಾಗುತ್ತಿರಲಿಲ್ಲ, ಆದರೆ ಎಡಬಲ ಎರಡೂ ಕಡೆ ತಿರುವು ಕಡಿಮೆಯಾಗಿ ಗಾಡಿ ಬಸ್ಸಿನ ಹಾಗೆ ತಿರುಗುತ್ತಿತ್ತು. ಬಂಡೆಯ ಮೇಲೆ ತಿರುವೇ ಜೀವ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಹದಿನೇಳನೇ ದಿನ. ಗಾಡಿಯನ್ನು ಪಂಚಪಾತ್ರೆಯ ಮೇಲೆ ಕೂರಿಸಿದ್ದೆ, ಚಕ್ರಗಳು ಗಾಳಿಯಲ್ಲಿ. ಅಕ್ಕನ ಮಗ ಟಾರ್ಚ್ ಹಿಡಿದಿದ್ದ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ.

"ಮಾಮ, ಈ ಕಡೆ ತಿರುಗಿದಾಗ ಮಾತ್ರ ಯಾಕೆ ಹಾಡುತ್ತೆ?"

ನಾನು ಕಿವಿ ಹತ್ತಿರ ಇಟ್ಟೆ. ನಿಜ. ಎಡಕ್ಕೆ ಹೋಗಿ ನಿಂತ ಮೇಲೆ ಮೌನ. ಬಲಕ್ಕೆ ಹೋಗಿ ನಿಂತ ಮೇಲೂ ಸಣ್ಣಗೆ ಗುಂಯ್ ಅನ್ನುತ್ತಲೇ ಇತ್ತು, ದೂರದಲ್ಲಿ ದುಂಬಿ ಹಾರಿದ ಹಾಗೆ. ಗಾಳಿಯಲ್ಲಿ, ಯಾವ ಭಾರವೂ ಇಲ್ಲದೆ! ಸರ್ವೋ ಹೋಗಬೇಕಾದ ಜಾಗಕ್ಕೆ ಹೋಗಲಾಗದೆ ಯಾವುದನ್ನೋ ತಳ್ಳುತ್ತಿತ್ತು. ಒಂಬತ್ತು ವರ್ಷದ ಹುಡುಗನ ಕಿವಿ ನನ್ನ ಮಲ್ಟಿಮೀಟರಿಗಿಂತ ಮೊದಲು ಹಿಡಿಯಿತು.

ಏನನ್ನು ತಳ್ಳುತ್ತಿದೆ ಅಂತ ಕಣ್ಣಿಗೆ ಕಾಣಲಿಲ್ಲ. ಲಿಂಕು, ನಕಲ್ಲು, ಟೈರು, ಎಲ್ಲದರ ನಡುವೆ ಜಾಗ ಇರುವ ಹಾಗೇ ಕಾಣುತ್ತಿತ್ತು. ಕಾಗದ ತೂರಿಸಿ ನೋಡಲು ಸಂದಿಯೇ ಸಿಗಲಿಲ್ಲ. ಗಾಡಿಯನ್ನು ಹಾಗೇ ಎತ್ತಿಕೊಂಡು ಮತ್ತೆ ಆಚಾರ್ರ ಹತ್ತಿರ ಹೋದೆ.

ಅವರು ಕೇಳಿದ್ದು ಒಂದೇ. "ಹೊಸದಾಗಿ ಹಾಕಿದ್ದು ಯಾವುದು?" ಡಿಫ್ ಕವರ್ ತೋರಿಸಿದೆ. ಬಿಚ್ಚಿಸಿದರು. ಚಿಮುಟದಲ್ಲಿ ಹಿಡಿದು ಎಣ್ಣೆ ದೀಪದ ಕುಡಿಯ ಮೇಲೆ ಆಡಿಸಿದರು. ಹೊಳೆಯುವ ಹಿತ್ತಾಳೆ ಒಂದು ನಿಮಿಷದಲ್ಲಿ ಕಾಡಿಗೆ ಕಪ್ಪಾಯಿತು. "ಕಣ್ಣಿಗೆ ಕಾಣದ್ದನ್ನ ಮಸಿ ತೋರಿಸುತ್ತೆ. ಹಾಕಿ, ತಿರುಗಿಸಪ್ಪ" ಅಂದರು. ಮಸಿ ಅಳಿಸದ ಹಾಗೆ ಅಂಚು ಹಿಡಿದು ಕೂರಿಸಿದೆ. ಬಲಕ್ಕೆ ಪೂರ್ತಿ ತಿರುಗಿಸಿದೆ. ಮತ್ತೆ ಬಿಚ್ಚಿದೆವು.

ಕಪ್ಪು ಮಸಿಯ ಮೇಲೆ ಒಂದೇ ಒಂದು ಹೊಳೆಯುವ ಗೆರೆ. ಬಿದಿಗೆ ಚಂದ್ರನ ಹಾಗೆ ಬಾಗಿದ್ದು, ಉಗುರಿನ ತುದಿಯಷ್ಟು. ಆಚಾರ್ರು ಭೂತಗನ್ನಡಿ ಕೊಟ್ಟರು. ಗೆರೆ ಒಂದು ತುದಿಯಲ್ಲಿ ತೆಳು, ಇನ್ನೊಂದು ತುದಿಯಲ್ಲಿ ಆಳ. ಆ ಆಳದ ತುದಿಯಲ್ಲಿ ಪುಟ್ಟ ಗುಂಡು ಗುರುತು. ಅದು ಸ್ಕ್ರೂವಿನ ತಲೆ. ಸರ್ವೋದಿಂದ ಬರುವ ಡ್ರ್ಯಾಗ್ ಲಿಂಕು ಅನ್ನುವ ಕಡ್ಡಿ ಚಕ್ರದ ಕಡೆ ಸೇರುವಲ್ಲಿ ಒಂದು ಬಾಲ್ ಇದೆಯಲ್ಲ, ಅದನ್ನು ಹಿಡಿದಿರುವ ಸ್ಕ್ರೂ. ಬಲಕ್ಕೆ ತಿರುಗಿಸಿದಾಗ ಅದು ಕವರಿನ ಹತ್ತಿರ ಸರಿಯುತ್ತದೆ, ಎಡಕ್ಕೆ ದೂರ ಹೋಗುತ್ತದೆ. ಮೊದಲಿದ್ದ ಪ್ಲಾಸ್ಟಿಕ್ ಕವರ್ ತೆಳು ಇದ್ದುದರಿಂದ ತಾಗುತ್ತಿರಲಿಲ್ಲ. ಸತುವಿನದ್ದನ್ನು ನಾನು ಗಾಡಿಗೆ ಹಾಕಿಯೇ ಇರಲಿಲ್ಲ. ಈ ದಪ್ಪ ಹಿತ್ತಾಳೆ ತಾಗಿತು.

ಆಗ ಎಲ್ಲ ಕೂಡಿ ಬಂತು. ಸಮತಟ್ಟು ನೆಲದಲ್ಲಿ ಸರ್ವೋ ಒದ್ದಾಡಿದರೂ ಬಿಇಸಿ ತಡೆದುಕೊಳ್ಳುತ್ತಿತ್ತು. ಸಂದಿಯಲ್ಲಿ ಟೈರು ಸಿಕ್ಕಿಕೊಂಡಾಗ ಆ ಭಾರವೂ ಸೇರುತ್ತದೆ. ಏರಿನಲ್ಲಿ ಮೋಟಾರು ಎಳೆದು ಬ್ಯಾಟರಿ ವೋಲ್ಟೇಜೂ ಇಳಿದಿರುತ್ತದೆ. ಮೂರೂ ಒಟ್ಟಿಗೆ ಬಂದಾಗ ರಿಸೀವರ್ ಕಣ್ಣು ಮುಚ್ಚುತ್ತಿತ್ತು.

ಆಚಾರ್ರು ಸಣ್ಣ ಅರ ತೆಗೆದುಕೊಂಡರು. ಗೆರೆ ಇದ್ದಲ್ಲಿ ಮಾತ್ರ ತೆಗೆದರು, ನಡುನಡುವೆ ಮಸಿ ಹಿಡಿದು ಪರೀಕ್ಷೆ ಮಾಡುತ್ತಾ. ನಾಲ್ಕನೇ ಸಲಕ್ಕೆ ಮಸಿ ಅಳಿಸಲಿಲ್ಲ. ತೆಗೆದದ್ದು ಅರ್ಧ ಮಿಲಿಮೀಟರೂ ಇಲ್ಲ. ಮಸಿ ಒರೆಸಿ ತಕ್ಕಡಿಗೆ ಹಾಕಿದರು: 10.94. ಹೋದದ್ದು 0.08 ಗ್ರಾಂ. ಕೆಳಗೆ ಹಾಸಿದ ಕಾಗದದ ಮೇಲೆ ಬಿದ್ದಿದ್ದ ಪುಡಿಯನ್ನು ಅಭ್ಯಾಸಬಲದಿಂದ ಒಟ್ಟು ಮಾಡಿ, ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. ಚಿನ್ನಕ್ಕೆ ಕೊಡುವ ಮರ್ಯಾದೆಯನ್ನೇ ನನ್ನ ಹಿತ್ತಾಳೆಗೂ ಕೊಟ್ಟರು. ದುಡ್ಡು ಬೇಡ ಅಂದರು. ಆ ಪೊಟ್ಟಣ ಟೂಲ್ ಬಾಕ್ಸಿನಲ್ಲಿದೆ.

ಮನೆಗೆ ಬಂದು ಹೊರಗಿನ ಬಿಇಸಿ ಕಿತ್ತು, ವೈರಿಂಗ್ ಮೊದಲಿನ ಹಾಗೆ ಮಾಡಿದೆ. ಕೆಪಾಸಿಟರ್ ಇರಲಿ ಅಂತ ಬಿಟ್ಟೆ. ಬಲಕ್ಕೆ ಪೂರ್ತಿ ತಿರುಗಿಸಿ ಹಿಡಿದರೆ ಮೀಟರಿನಲ್ಲಿ 4.7. ಗುಂಯ್ ಸದ್ದಿಲ್ಲ. ಮರಳು ಕಾಗದ ಅಂಟಿಸಿದ ಹಲಗೆಯ ಮೇಲೆ, ಫೋನಿನ ಕೋನಮಾಪಕ ಇಟ್ಟು, ಬಲಕ್ಕೆ ತಿರುಗಿಸಿಕೊಂಡೇ 44 ಡಿಗ್ರಿ ಹತ್ತಿಸಿದೆ. ಮೊದಲು 30 ದಾಟುತ್ತಿರಲಿಲ್ಲ. ಆಮೇಲೆ ಸೈಜುಗಲ್ಲು, ಆಮೇಲೆ ಆ ಕೇಕೆ.

ಇನ್ನು ಬಾಡಿ. ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಜೀಪಿನಲ್ಲಿ ಹೋಗಿದ್ದೀರಲ್ಲ? ಆ ಕಿತ್ತುಹೋದ ಏರಿನಲ್ಲಿ ಅಲ್ಲಾಡುತ್ತಾ ಹತ್ತುವ ಹಳೇ ಮಹೀಂದ್ರಾ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ನನಗೆ ಬೇಕಾದ್ದು ಎಂಎಂ540. ಅದರ ವೀಲ್‌ಬೇಸು (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) 91 ಇಂಚು, ಅಂದರೆ 2311 ಮಿ.ಮೀ. 24ರಿಂದ ಭಾಗಿಸಿದರೆ 96 ಬರುತ್ತದೆ, ನನ್ನ ಚಾಸಿಗೆ ತೀರಾ ಗಿಡ್ಡ. 18ರಿಂದ ಭಾಗಿಸಿದರೆ 128. ನನ್ನ ಗಾಡಿಯದು ವರ್ನಿಯರ್ ಹಿಡಿದರೆ ಸುಮಾರು 134. ಆರು ಮಿಲಿಮೀಟರ್ ವ್ಯತ್ಯಾಸ ಮಡ್‌ಗಾರ್ಡಿನಲ್ಲಿ ಹಂಚಿಹಾಕಬಹುದು. ಅಂದರೆ ಬಾಡಿಯನ್ನು 1/18ಕ್ಕೆ ಮಾಡಬೇಕು. ಒಂದು ಮಿ.ಮೀ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾಡುತ್ತೇನೆ, ಟಾಪ್ ಮಾತ್ರ ನಿಜವಾದ ಬಟ್ಟೆ. ಮೇಲೆ ಭಾರ ಇರಬಾರದಲ್ವಾ, ಬಟ್ಟೆಗಿಂತ ಹಗುರ ಇನ್ನೇನಿದೆ? ಅಮ್ಮನ ಹಳೇ ಕೊಡೆಯ ಬಟ್ಟೆ ಈಗಾಗಲೇ ಎತ್ತಿಟ್ಟಿದ್ದೇನೆ. ಅಕ್ಕನ ಮಗ ಕಂದು ಹಸಿರು ಬಣ್ಣವೇ ಬೇಕು ಅಂತ ಹಟ ಹಿಡಿದಿದ್ದಾನೆ. ಅವನ ಕಿವಿಗೆ ಸಲ್ಲಬೇಕಾದ ಬಹುಮಾನ ಅದು, ಬಣ್ಣ ಅವನಿಗೇ ಬಿಟ್ಟಿದ್ದೇನೆ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ಹಿಂದಿನ ಆಕ್ಸಲ್ಲಿಗೂ ಹಿತ್ತಾಳೆ ಕವರ್ ಬಂದಿದೆ. ಅಲ್ಲಿ ಸ್ಟಿಯರಿಂಗ್ ಇಲ್ಲ, ಆದರೆ ಆಕ್ಸಲ್ ಪೂರ್ತಿ ತಿರುಚಿಕೊಂಡಾಗ, ಅದನ್ನು ಚಾಸಿಗೆ ಹಿಡಿದಿರುವ ಕೆಳಗಿನ ಲಿಂಕು ಕವರಿನ ಹತ್ತಿರ ಬರುತ್ತದೆ. ಈ ಭಾನುವಾರ ದೇವರ ಮನೆ ದೀಪದಲ್ಲೇ ಮಸಿ ಹಿಡಿಯುತ್ತೇನೆ. ಅಮ್ಮನ ಒಪ್ಪಿಗೆ ಸಿಕ್ಕಿದೆ.