ಕ್ಯಾಂಪಿಗೂ ಮನೆಗೂ ಒಂದೇ ಕಂತೆ: ಹ್ಯಾಲೋವೀನ್ ದೆವ್ವಗಳ ತಯಾರಿ

ಅಕ್ಟೋಬರ್ ಬಂತೆಂದರೆ ಅಮೆರಿಕದ ಓಹಾಯೋ ರಾಜ್ಯದ ಸ್ಟೇಟ್ ಪಾರ್ಕುಗಳಲ್ಲಿ ಹ್ಯಾಲೋವೀನ್ ಕ್ಯಾಂಪುಗಳ ಭರಾಟೆ. ಶುಕ್ರವಾರ ಮಧ್ಯಾಹ್ನ ಟೆಂಟು, ಟ್ರೇಲರುಗಳು ಬಂದು ತಳವೂರುತ್ತವೆ. ಶನಿವಾರ ಸಂಜೆ ಮಕ್ಕಳು ವೇಷ ಹಾಕಿಕೊಂಡು, ಚೀಲ ಹಿಡಿದು, ಸೈಟಿನಿಂದ ಸೈಟಿಗೆ, ಅಂದರೆ ಒಬ್ಬರು ಟೆಂಟು ಹಾಕಿದ ಜಾಗದಿಂದ ಇನ್ನೊಬ್ಬರದಕ್ಕೆ, ಮಿಠಾಯಿ ಕೇಳುತ್ತ ಹೋಗುತ್ತಾರೆ. ಅಂದವಾಗಿ ಅಲಂಕರಿಸಿದ ಸೈಟಿಗೆ ಬಹುಮಾನವೂ ಉಂಟು. ಭಾನುವಾರ ಎಲ್ಲ ಬಿಚ್ಚಿ ಕಾರಿಗೆ ತುಂಬಬೇಕು, ಮನೆಗೆ ಬಂದು ಅದನ್ನೇ ಹ್ಯಾಲೋವೀನ್ ದಿನವಾದ 31ನೇ ತಾರೀಕಿನವರೆಗೆ ಬಾಗಿಲ ಮುಂದೆ ನಿಲ್ಲಿಸಬೇಕು. ಹಾಗಾಗಿ ಏನೇ ಮಾಡಿದರೂ ಅದು ಮಡಚಿದರೆ ಚಪ್ಪಟೆಯಾಗಬೇಕು, ಒಂದು ರಾತ್ರಿಯ ಇಬ್ಬನಿಗೆ ಜೋತುಬೀಳಬಾರದು, ಕಾಡಿನ ಪ್ರಾಣಿಪಕ್ಷಿಗೆ ಉರುಳಾಗಬಾರದು. ಅಂಗಡಿಯ ಗಾಳಿ ತುಂಬುವ ದೈತ್ಯ ಬೊಂಬೆಗಳಿಗಿಂತ ಮನೆಯಲ್ಲಿ ಮಾಡಿದ್ದು ಈ ಮೂರರಲ್ಲೂ ಮುಂದು.

ಮೊದಲು ಬೆಳಕಿನ ಲೆಕ್ಕ. 2007ರಿಂದ ಅಮೆರಿಕದಲ್ಲಿ ಬೇಸಿಗೆಗೆಂದು ಮುಂದಿಟ್ಟ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುವುದು ನವೆಂಬರಿನ ಮೊದಲ ಭಾನುವಾರ. ಹಾಗಾಗಿ ಹ್ಯಾಲೋವೀನ್ ದಿನ ಓಹಾಯೋದ ರಾಜಧಾನಿ ಕೊಲಂಬಸ್ ಸುತ್ತಮುತ್ತ ಸೂರ್ಯ ಮುಳುಗುವಾಗ ಆರೂವರೆ. ಅಕ್ಟೋಬರ್ ಮಧ್ಯದ ಕ್ಯಾಂಪಿನಲ್ಲಿ ಇನ್ನೂ ತಡ, ಏಳಕ್ಕೆ ಸ್ವಲ್ಪ ಮುಂಚೆ. ಮಕ್ಕಳ ಮೆರವಣಿಗೆಯ ಮೊದಲರ್ಧ ಬೆಳಕಿನಲ್ಲೇ ಮುಗಿದುಹೋಗುತ್ತದೆ. ಬರೀ ದೀಪ ನಂಬಿದ ಅಲಂಕಾರ ಆಗ ಕಾಣುವುದಿಲ್ಲ, ಬರೀ ಬಣ್ಣ ನಂಬಿದ್ದು ಕತ್ತಲಾದ ಮೇಲೆ ಕಾಣುವುದಿಲ್ಲ. ಹಗಲಿಗೆ ಆಕಾರ, ರಾತ್ರಿಗೆ ಒಳಗಿನಿಂದ ಬೆಳಕು, ಎರಡೂ ಬೇಕು.

ಈ ಎರಡೂ ಇರುವ ದೆವ್ವಕ್ಕೆ ಒದಗುವುದು ಟೊಮ್ಯಾಟೊ ಗಿಡಕ್ಕೆ ಆಸರೆ ಕೊಡುವ ತಂತಿಯ ಪಂಜರ. ನಾಲ್ಕೂವರೆ ಅಡಿ ಎತ್ತರದ್ದಾದರೆ ಒಳ್ಳೆಯದು. ಅದನ್ನು ತಲೆಕೆಳಗು ಮಾಡಿ, ಅಗಲದ ಬಳೆಯನ್ನು ನೆಲಕ್ಕಿಟ್ಟು, ಮೇಲೆ ಚಾಚಿದ ಕಾಲುಗಳನ್ನು ಒಟ್ಟಿಗೆ ಎಳೆದು ಕೇಬಲ್ ಟೈಯಿಂದ ಬಿಗಿಯಬೇಕು. ಆ ತುದಿಗಳು ಚೂಪು, ಮಕ್ಕಳ ಕಣ್ಣಿನ ಮಟ್ಟಕ್ಕೇ ಬರುತ್ತವೆ. ಅವುಗಳಿಗೆ ದಪ್ಪ ಟೇಪು ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಕಾಗದದ ಉಂಡೆಯನ್ನು ತಲೆಯಾಗಿ ಸಿಕ್ಕಿಸಿ. 100 ಬಲ್ಬಿನ ಎಲ್‌ಇಡಿ ಸರವನ್ನು ಪಂಜರದ ಒಳಭಾಗದಲ್ಲಿ ಕೆಳಗಿನಿಂದ ಮೇಲಕ್ಕೆ ಸುತ್ತಿ. ಹೊರಗೆ ಸುತ್ತಿದರೆ ಬಟ್ಟೆ ಬಲ್ಬಿಗೆ ಅಂಟಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ, ಒಳಗಿದ್ದರೆ ಇಡೀ ಮೈ ಒಂದೇ ಸಮ ಮಿನುಗುತ್ತದೆ.

ಮೇಲೆ ಹೊದಿಸಲು ಒಂಟಿ ಮಂಚದ ಬಿಳಿ ಬೆಡ್‌ಶೀಟು. ಹತ್ತಿಯದು ಇಬ್ಬನಿ ಕುಡಿದು ಭಾರವಾಗಿ ತಲೆಯಿಂದ ಜಾರುತ್ತದೆ. ತೆಳ್ಳನೆಯ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಬೆಳಕನ್ನೂ ಚೆನ್ನಾಗಿ ಬಿಡುತ್ತದೆ. ಕಿಡಿ ತಾಕಿದರೆ ಮಾತ್ರ ಕರಗುತ್ತದೆ. ಆದ್ದರಿಂದ ಬೆಂಕಿಗುಂಡಿಯಿಂದ ಕನಿಷ್ಠ 10 ಅಡಿ ದೂರ, ಅದೂ ಗಾಳಿ ಬರುವ ಕಡೆಗೆ. ಕಣ್ಣು, ಬಾಯಿಗೆ ಬಣ್ಣ ಬಳಿಯಬೇಡಿ, ಅದು ಹರಡುತ್ತದೆ. ಕಪ್ಪು ಫೆಲ್ಟ್ ಕತ್ತರಿಸಿ ಒಳಗಿನಿಂದ ಸೇಫ್ಟಿ ಪಿನ್ ಹಾಕಿದರೆ ಮುಂದಿನ ವರ್ಷ ಮುಖ ಬದಲಿಸಬಹುದು. ಇಷ್ಟು ಬಟ್ಟೆ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಕೆಳಗಿನ ಬಳೆಯನ್ನು ನಾಲ್ಕು ಟೆಂಟಿನ ಗೂಟದಿಂದ ನೆಲಕ್ಕೆ ಕಚ್ಚಿಸಿ, ಅಂಚನ್ನು ಬಟ್ಟೆ ಕ್ಲಿಪ್ಪಿನಿಂದ ಬಳೆಗೆ ಹಿಡಿಸಿದರೆ ರಾತ್ರಿಯಿಡೀ ನಿಲ್ಲುತ್ತದೆ. ಟೈ ಕತ್ತರಿಸಿದರೆ ಪಂಜರಗಳು ಒಂದರೊಳಗೊಂದು ಕೂರುತ್ತವೆ. ಮೂರು ದೆವ್ವಕ್ಕೆ ಒಂದು ದೆವ್ವದ ಜಾಗ ಸಾಕು.

ಸೈಟಿನ ದಾರಿಯ ದೀಪಗಳಿಗೆ ಹಾಲಿನ ಖಾಲಿ ಕ್ಯಾನುಗಳು. ಗ್ಯಾಲನ್ ಹಾಲು ಬರುವ, ಬೆಳಕು ಹಾಯುವ ಪ್ಲಾಸ್ಟಿಕ್ಕೇ ಆಗಬೇಕು. ಕೆಲವು ಕಂಪನಿಯ ಕ್ಯಾನು ಬೆಳಕು ತಡೆಯುವ ದಟ್ಟ ಬಿಳಿಯದ್ದು, ಅದು ಕೆಲಸಕ್ಕೆ ಬಾರದು. ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಮುಚ್ಚಳದ ತಿರುಪಿನವರೆಗೂ ತೊಳೆಯಿರಿ. ಹಾಲಿನ ಹಳಸಲು ವಾಸನೆ ನಮ್ಮ ಮೂಗಿಗೆ ಹತ್ತದಿದ್ದರೂ ರಾತ್ರಿ ತಿಂಡಿ ಹುಡುಕಿ ಬರುವ ರಕೂನ್ ಎಂಬ ಕಾಡುಪ್ರಾಣಿಗೆ ಹತ್ತುತ್ತದೆ, ಬೆಳಗಾಗುವಷ್ಟರಲ್ಲಿ ಸಾಲು ಚೆಲ್ಲಾಪಿಲ್ಲಿ. ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಕಣ್ಣು ಬಾಯಿ ಬರೆಯಿರಿ. ಜಿಡ್ಡಿನ ಮೇಲೆ ಬರೆದರೆ ಕೈ ತಾಗಿದಲ್ಲೆಲ್ಲ ಅಳಿಸುತ್ತದೆ. ಈ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಹಿಡಿಯದು, ಮೂಗು ಕಿವಿ ಅಂಟಿಸುವ ಆಸೆ ಬಿಡಿ. ಹಿಂಬದಿಯಲ್ಲಿ ಮುಷ್ಟಿ ಹೋಗುವಷ್ಟು ತೂತು ಕೊರೆದು, ತಳಕ್ಕೆ ಎರಡು ಕಪ್ ಜಲ್ಲಿ ಸುರಿಯಿರಿ. 100 ಬಲ್ಬಿನ ಒಂದೇ ಸರ 8 ಕ್ಯಾನಿಗೆ ಸಾಕು: ಪ್ರತಿಯೊಂದರೊಳಗೆ 8 ಬಲ್ಬು, ಎರಡರ ನಡುವೆ 5 ಬಲ್ಬು ಬಿಡಿ. ಸರ ಹತ್ತು ಮೀಟರಿನದಾದರೆ ನಡುವೆ ಸುಮಾರು ಎರಡಡಿ ಅಂತರ ಸಿಗುತ್ತದೆ. ಬ್ಯಾಟರಿ ಡಬ್ಬಿಗೆ ನೀರು ತಡೆಯುವ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲ, ಅದನ್ನು ಜಿಪ್ ಚೀಲದಲ್ಲಿ ಹಾಕಿ ಬಾಯಿ ಕೆಳಗೆ ಮಾಡಿಡಿ. ಚಳಿಗೆ ಆಲ್ಕಲೈನ್ ಬ್ಯಾಟರಿ ಸೊರಗುತ್ತದೆ, ಶನಿವಾರದ ರಾತ್ರಿಗೆ ಹೊಸ ಸೆಟ್ ಕೈಯಲ್ಲಿರಲಿ.

ಸರ ಕೊಳ್ಳುವಾಗ ಕಿತ್ತಳೆ, ನೇರಳೆ ಬಿಟ್ಟು ಹಳದಿ ಛಾಯೆಯ ಬಿಳಿ ಕೊಳ್ಳುವುದು ಜಾಣತನ. ದೀಪಾವಳಿ ಹತ್ತಿರದಲ್ಲೇ ಬರುತ್ತದೆ. 2024ರಲ್ಲಂತೂ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ದೆವ್ವದ ಹೊಟ್ಟೆಯಿಂದ ತೆಗೆದ ಸರ ಮರುದಿನ ಆಕಾಶಬುಟ್ಟಿಗೆ ಹೋಗುತ್ತದೆ.

ಗೋರಿಕಲ್ಲುಗಳಿಗೆ ಗೋಡೆಯ ಶಾಖರೋಧಕ ಫೋಮ್ ಹಲಗೆ ತನ್ನಿ. ಗುಲಾಬಿ ಅಥವಾ ನೀಲಿ ಬಣ್ಣದ, ಒಂದಿಂಚು ದಪ್ಪದ್ದು. ಬಿಳಿ ಥರ್ಮಾಕೋಲ್ ಕೊಯ್ದರೆ ಕಾಳು ಕಾಳಾಗಿ ಉದುರುತ್ತದೆ, ಇದು ಉದುರುವುದು ಕಡಿಮೆ. 4×8 ಅಡಿ ಹಲಗೆಯಲ್ಲಿ ಎರಡಡಿ ಎತ್ತರ, 16 ಇಂಚು ಅಗಲದ ಹನ್ನೆರಡು ಕಲ್ಲು ಸಿಗುತ್ತವೆ. ಕೊಯ್ಯುವ ಕೆಲಸ ಮನೆಯಲ್ಲೇ ಮುಗಿಯಲಿ, ಕ್ಯಾಂಪಿನ ಹುಲ್ಲಿಗೆ ಬಿದ್ದ ಪುಡಿಯನ್ನು ಹೆಕ್ಕಲಾಗದು. ಅಕ್ಷರ ಕೆತ್ತಲು ಕಾದ ಕಬ್ಬಿಣ ಬಳಸುವವರು ಬಯಲಿನಲ್ಲೇ ಮಾಡಬೇಕು, ಏಳುವ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಕ್ಕಳ ಕೈಗೆ ಬಾಲ್‌ಪೆನ್ ಕೊಟ್ಟು ಮೂರು ನಾಲ್ಕು ಸಲ ಒತ್ತಿ ತಿದ್ದಲು ಹೇಳಿದರೆ ಸಾಕಷ್ಟು ಆಳ ಬರುತ್ತದೆ. ಈ ದೆವ್ವದೂರಿನಲ್ಲಿ ಕನ್ನಡಕ್ಕೊಂದು ಕಲ್ಲು ಇರಲೇಬೇಕು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಕಾಣುತ್ತಿದ್ದ ‘ನಾಳೆ ಬಾ’ ಇದಕ್ಕೆ ಹೇಳಿ ಮಾಡಿಸಿದ್ದು: ಒತ್ತಕ್ಷರವಿಲ್ಲ, ಐದಿಂಚಿನ ಅಕ್ಷರವಾದರೆ ಪೆನ್ನಿನ ಮೊನೆ ದುಂಡಾಗಿ ಸಲೀಸಾಗಿ ತಿರುಗುತ್ತದೆ. ಟ್ರೇಲರಿನ ಬಾಗಿಲಿಗೂ ಸೀಮೆಸುಣ್ಣದಲ್ಲಿ ಅದನ್ನೇ ಬರೆಯಬಹುದು.

ಬಣ್ಣದಲ್ಲಿ ಎಡವುವವರೇ ಹೆಚ್ಚು. ಸಾಮಾನ್ಯ ಸ್ಪ್ರೇ ಪೇಂಟಿನ ದ್ರಾವಕ ಫೋಮನ್ನು ತಿಂದುಹಾಕುತ್ತದೆ, ಕಲ್ಲಿನ ಮುಖವೆಲ್ಲ ಕುಳಿ ಬೀಳುತ್ತದೆ. ನೀರು ಬೆರೆಯುವ ಲ್ಯಾಟೆಕ್ಸ್ ಬಣ್ಣವೇ ಬೇಕು. ಮೊದಲು ಗಾಢ ಬೂದು ಎರಡು ಕೈ. ಒಣಗಿದ ಮೇಲೆ ಒಂದಕ್ಕೆ ನಾಲ್ಕು ಪಾಲು ನೀರು ಸೇರಿಸಿದ ಕಪ್ಪನ್ನು ಬಳಿದು ಕೂಡಲೇ ಬಟ್ಟೆಯಿಂದ ಒರೆಸಿ, ಕೆತ್ತಿದ ಗೀರಿನಲ್ಲಷ್ಟೇ ಕಪ್ಪು ಉಳಿಯುತ್ತದೆ. ಕೊನೆಗೆ ಬಹುತೇಕ ಒಣಗಿದ ಬ್ರಷ್ಷಿನಲ್ಲಿ ತಿಳಿಬೂದು ತೆಗೆದುಕೊಂಡು ಅಂಚಿನ ಮೇಲೆ ಹಗುರಾಗಿ ಎಳೆದರೆ ಹಲಗೆ ಹೋಗಿ ಕಲ್ಲಾಗುತ್ತದೆ.

ನಿಲ್ಲಿಸುವ ವಿಧಾನ ಮಾತ್ರ ಎರಡು ಕಡೆಗೂ ಬೇರೆ. ಮನೆಯಂಗಳದಲ್ಲಿ ಎರಡಡಿಯ ಸಣ್ಣ ಕಬ್ಬಿಣದ ಸರಳನ್ನು ಒಂದಡಿ ನೆಲಕ್ಕೆ ಹೊಡೆದು, ಕಲ್ಲಿನ ಬೆನ್ನಿಗೆ ಕಟ್ಟಿದ ಅರ್ಧ ಇಂಚಿನ ಪಿವಿಸಿ ಪೈಪನ್ನು ಅದರ ಮೇಲೆ ಇಳಿಸಬಹುದು. ಕ್ಯಾಂಪಿನ ಸೈಟಿನಲ್ಲಿ ನೀರಿನ ಕೊಳವೆ, ಕರೆಂಟಿನ ಕೇಬಲ್ಲು ನೆಲದಡಿ ಹೋಗಿರುತ್ತವೆ, ಉದ್ದನೆಯ ಸರಳು ಹೊಡೆಯುವುದು ಅಪಾಯ. ಅಲ್ಲಿ ಫೋಟೋ ಫ್ರೇಮಿಗಿರುವಂಥ ಹಿಂಗಾಲು ಕೊಟ್ಟು, ಅದರ ಬುಡಕ್ಕೆ ಒಂದೆರಡು ಕೆ.ಜಿ. ಜಲ್ಲಿ ಚೀಲ ಇಡಿ. ಫೋಮು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಬೆಂಕಿಗುಂಡಿಯ ಹತ್ತಿರ ಸ್ಮಶಾನ ಬೇಡ.

ದೊಡ್ಡ ಜೇಡಕ್ಕೆ ಕೊಳಾಯಿ ಪೈಪಿಗೆ ಹೊದಿಸುವ ಕಪ್ಪು ಫೋಮಿನ ಕೊಳವೆ ಬಳಸಿ. ಆರಡಿಯ ನಾಲ್ಕು ತುಂಡು ತಂದು, ಕತ್ತರಿಸದೆ, ಒಳಗೆ 14 ಗೇಜಿನ ಕಬ್ಬಿಣದ ತಂತಿ ತೂರಿಸಿ, ನಾಲ್ಕನ್ನೂ ನಟ್ಟನಡುವೆ ಕೇಬಲ್ ಟೈಯಿಂದ ಬಿಗಿದರೆ ಎಂಟು ಕಾಲಾಯಿತು. ತಂತಿಯ ತುದಿಯನ್ನು ಒಳಕ್ಕೆ ಮಡಿಸಿ ಟೇಪು ಹಾಕಿ. ಪ್ರತಿ ಕಾಲನ್ನೂ ಎರಡು ಕಡೆ ಬಗ್ಗಿಸಿ: ಮೈಯಿಂದ ಒಂದಡಿಗೆ ಮೇಲ್ಮುಖವಾಗಿ, ಎರಡಡಿಗೆ ಕೆಳಮುಖವಾಗಿ. ಒಂದೇ ಬಾಗು ಇದ್ದರೆ ಅದು ಮೇಜಿನ ಕಾಲಿನಂತೆ ಕಾಣುತ್ತದೆ. ಮೈಗೆ ಒಂದು ದೊಡ್ಡ, ಒಂದು ಚಿಕ್ಕ ಕಪ್ಪು ಕಸದ ಚೀಲ. ಸೈಟಿನಲ್ಲೇ ಬಿದ್ದ ಒಣ ಎಲೆ ತುಂಬಿ, ಹೊರಡುವಾಗ ಅಲ್ಲೇ ಸುರಿದು ಬನ್ನಿ. ಒದ್ದೆ ಎಲೆ ತುಂಬಿದರೆ ಚೀಲ ಜೋತು ಹರಿಯುತ್ತದೆ.

ಜೇಡಕ್ಕೆ ಬಲೆ ಬೇಕೇಬೇಕು, ಆದರೆ ಎಳೆದು ಹರಡುವ ಬಿಳಿ ನಾರಿನ ಬಲೆಯನ್ನು ಹೊರಗೆ ಹಾಕಲೇಬೇಡಿ. ಅದರ ಎಳೆ ಕಣ್ಣಿಗೆ ಕಾಣದಷ್ಟು ತೆಳು, ಹಾಗೇ ಗಟ್ಟಿ. ಹಕ್ಕಿ, ಬಾವಲಿಗಳು ಸಿಕ್ಕಿಕೊಂಡು ಒದ್ದಾಡಿದಷ್ಟೂ ಬಿಗಿಯುತ್ತದೆ. ಬದಲಿಗೆ ಬಟ್ಟೆ ಒಣಹಾಕುವ ದಪ್ಪ ಹತ್ತಿ ಹಗ್ಗ ತನ್ನಿ. ಆರು ಎಳೆಯನ್ನು ನಡುವೆ ಗಂಟು ಹಾಕಿ ಕಿರಣದಂತೆ ಎಳೆದು, ಸುತ್ತಿನ ಹಗ್ಗವನ್ನು ಪ್ರತಿ ಕಿರಣಕ್ಕೂ ಒಂದು ಸುತ್ತು ಹಾಕಿ ಬಿಗಿಯುತ್ತ ಹೊರಕ್ಕೆ ಬನ್ನಿ, ಸುತ್ತುಗಳ ನಡುವೆ ಎಂಟು ಇಂಚಾದರೂ ಇರಲಿ. ಮರಕ್ಕೆ ಮೊಳೆ ಬೇಡ. ಅಗಲ ಬಟ್ಟೆಪಟ್ಟಿ ಸುತ್ತಿ ಅದಕ್ಕೆ ಕಟ್ಟಿ. ನಡೆಯುವ ದಾರಿಗೆ ಅಡ್ಡ ಯಾವ ಹಗ್ಗವೂ, ವೈರೂ ಬರಕೂಡದು. ಮುಖವಾಡ ಹಾಕಿದ ಮಗುವಿಗೆ ಕಾಲ ಬುಡ ಕಾಣುವುದಿಲ್ಲ, ಮೂರಡಿ ಅಗಲದ ದಾರಿ ಪೂರ್ತಿ ಖಾಲಿ ಬಿಡಿ.

ಪೊದೆಯೊಳಗಿನ ಕಣ್ಣುಗಳಿಗೆ ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆ. ಮೊದಲು ಪಾರದರ್ಶಕ ಪ್ಯಾಕಿಂಗ್ ಟೇಪು ಸುತ್ತಿ ಆಮೇಲೆ ಕಣ್ಣು ಕತ್ತರಿಸಿ, ಇಲ್ಲದಿದ್ದರೆ ಬೆಳಗಿಗೆ ಮೆತ್ತಗಾಗಿ ಕುಸಿದಿರುತ್ತದೆ. ಒಳಗೆ ಎಲ್‌ಇಡಿ ಮೇಣದಬತ್ತಿ. ಗ್ಲೋ ಸ್ಟಿಕ್ಕೂ ಆಗುತ್ತದೆ, ಆದರೆ ಅದರ ಬೆಳಕು ರಾಸಾಯನಿಕ ಕ್ರಿಯೆಯದ್ದು. ಚಳಿಗೆ ಕ್ರಿಯೆ ನಿಧಾನವಾಗಿ ಬೆಳಕು ಮಂಕಾಗುತ್ತದೆ, ಮೇಲಾಗಿ ಒಂದೇ ರಾತ್ರಿಗೆ ಕಸ. ಎಲ್‌ಇಡಿ ಬತ್ತಿಯ ಬ್ಯಾಟರಿ ಮುಚ್ಚಳ ತಿರುಪಿನಿಂದ ಬಿಗಿದದ್ದೇ ಇರಲಿ. ಅದರೊಳಗಿನ ನಾಣ್ಯದಂಥ ಸೆಲ್ಲನ್ನು ಮಗು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಲ್ಲದು.

ಕುಂಬಳಕಾಯಿಯನ್ನು ಕ್ಯಾಂಪಿಗೆ ಇಡಿಯಾಗಿಯೇ ಒಯ್ದು ರಾತ್ರಿ ಕಾರೊಳಗಿಡಿ, ಕೊರೆದದ್ದು ಹೊರಗಿದ್ದರೆ ರಕೂನು ಅಳಿಲುಗಳಿಗೆ ಔತಣ. ಕೊರೆಯುವುದು ಮನೆಯಲ್ಲಿ, 31ಕ್ಕೆ ಎರಡು ಮೂರು ದಿನ ಮುಂಚೆ. ತೊಟ್ಟಿನ ಸುತ್ತ ಚಾಕುವನ್ನು ಒಳಕ್ಕೆ ಓರೆಯಾಗಿ ಹಿಡಿದು ಕೊಯ್ದರೆ ಮುಚ್ಚಳ ಒಳಗೆ ಬೀಳದು. ಮುಖ ಬರುವ ಕಡೆ ಗೋಡೆಯನ್ನು ಒಂದಿಂಚಿಗೆ ಕೆರೆಯಿರಿ: ದಪ್ಪವಿದ್ದರೆ ಬೆಳಕು ಹೊರಬಾರದು, ತೆಳುವಾದರೆ ಬಾಯಿ ಸುಕ್ಕುಗಟ್ಟುತ್ತದೆ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಸೇರಿಸಿ ಒಳಗೆಲ್ಲ ಒರೆಸಿದರೆ ಬೂಷ್ಟು ತಡವಾಗಿ ಹಿಡಿಯುತ್ತದೆ. ಹಿಮ ಬೀಳುವ ರಾತ್ರಿ ಒಳಗೆ ತನ್ನಿ. ಹೆಪ್ಪುಗಟ್ಟಿ ಕರಗಿದ ಕಾಯಿ ಕೆಸರಾಗುತ್ತದೆ. ಇಷ್ಟು ದೊಡ್ಡ ಕಾಯಿಯ ತಿರುಳು ನೀರು ನೀರು, ಪಲ್ಯಕ್ಕೆ ರುಚಿಯಿಲ್ಲ. ಬೀಜವನ್ನು ಮಾತ್ರ ತೊಳೆದು ಉಪ್ಪು ಖಾರ ಹಚ್ಚಿ ಹುರಿಯಬಹುದು. ಒಂದು ಕಾಯಿಗೆ ಕೊರೆಯದೆ ಹಸಿರುನೀಲಿ ಬಳಿದು ಬಾಗಿಲಲ್ಲಿಟ್ಟರೆ, ತಿಂಡಿಯ ಅಲರ್ಜಿ ಇರುವ ಮಕ್ಕಳಿಗೆ ಇಲ್ಲಿ ಪೆನ್ಸಿಲ್ಲು, ಸ್ಟಿಕ್ಕರುಗಳಂಥ ಉಡುಗೊರೆ ಸಿಗುತ್ತದೆ ಎಂದರ್ಥ. ಅಮೆರಿಕದಾದ್ಯಂತ ಇದು 2014ರಿಂದ ನಡೆದುಬಂದಿದೆ.

ಭಾನುವಾರ ಬಿಚ್ಚುವಾಗ ಬಟ್ಟೆ, ಹಗ್ಗ ಒದ್ದೆಯಿದ್ದರೆ ಬೇರೆ ಚೀಲಕ್ಕೆ ಹಾಕಿ. ಮನೆಗೆ ಬಂದ ದಿನವೇ ಹರವದಿದ್ದರೆ ಕಪ್ಪು ಚುಕ್ಕೆ ಬೀಳುತ್ತದೆ. ಕತ್ತರಿಸಿದ ಕೇಬಲ್ ಟೈ ತುಂಡುಗಳನ್ನು ಎಣಿಸಿ ಹೆಕ್ಕಿ. ನವೆಂಬರಿನಲ್ಲಿ ಎತ್ತಿಡುವಾಗ ಎಲ್ಲ ಬ್ಯಾಟರಿ ಹೊರತೆಗೆದು, ಸರಗಳನ್ನು ರಟ್ಟಿನ ತುಂಡಿಗೆ ಸುತ್ತಿ, ಗೋರಿಕಲ್ಲುಗಳ ನಡುವೆ ಹಳೆಯ ಬೆಡ್‌ಶೀಟು ಹಾಸಿ ಅಡ್ಡ ಮಲಗಿಸಿ.