ಒಂದು ಜೀವಕೋಶದ ಭಿತ್ತಿಚಿತ್ರ: ಹತ್ತು ವಾರಗಳ ಕೆಲಸದ ದಾಖಲೆ

ಮೊದಲ ಎರಡು ವಾರ

ರಕ್ತದಲ್ಲಿ ಸಕ್ಕರೆ ಏರಿದಾಗ ರಕ್ತನಾಳದ ಒಳಪದರದ ಜೀವಕೋಶದೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಒಂದೇ ದೊಡ್ಡ ಹಾಳೆಯ ಮೇಲೆ, ಅಳತೆಗೆ ಸರಿಯಾಗಿ, ಕೈಯಿಂದಲೇ ಬರೆದು ತೋರಿಸಬೇಕೆಂಬುದು ಈ ಕೆಲಸದ ಉದ್ದೇಶ. ಇದಕ್ಕೆ ಕಾರಣವಾದದ್ದು ನನ್ನ ತಂದೆಯವರ ಕಣ್ಣಿನ ಒಂದು ಛಾಯಾಚಿತ್ರ. ಬಹಳ ವರ್ಷಗಳಿಂದ ಮಧುಮೇಹವಿರುವ ಅವರ ಅಕ್ಷಿಪಟದ ಚಿತ್ರದಲ್ಲಿ, ಕಿತ್ತಳೆ ಬಣ್ಣದ ಹಿನ್ನೆಲೆಯ ಮೇಲೆ, ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು ಐದಾರು ಕಡೆ ಕಾಣುತ್ತಿದ್ದವು. ಅವು ಲೋಮನಾಳದ (ಅತಿ ಸಣ್ಣ ರಕ್ತನಾಳದ) ಗೋಡೆ ಸಡಿಲವಾಗಿ ಉಬ್ಬಿದ ಜಾಗಗಳೆಂದು ವೈದ್ಯರು ತಿಳಿಸಿದರು. ಸಕ್ಕರೆಯಂಥ ವಸ್ತು ಗೋಡೆಯನ್ನು ಹೇಗೆ ಸಡಿಲಗೊಳಿಸುತ್ತದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಒಂದು ಮೈಕ್ರಾನ್‌ಗೆ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ) 2 ಸೆಂಟಿಮೀಟರ್ ಎಂಬ ಪ್ರಮಾಣವನ್ನು ಇಟ್ಟುಕೊಂಡಿದ್ದೇನೆ. ಈ ಲೆಕ್ಕದಲ್ಲಿ 40 ಮೈಕ್ರಾನ್ ಉದ್ದದ ಜೀವಕೋಶ 80 ಸೆಂಟಿಮೀಟರ್ ಆಗುತ್ತದೆ. ಪಕ್ಕದಲ್ಲಿ ಹರಿದುಹೋಗುವ ಕೆಂಪು ರಕ್ತಕಣ ಸುಮಾರು 15 ಸೆಂಟಿಮೀಟರಿನ ತಟ್ಟೆಯಾಗುತ್ತದೆ. ಆದರೆ ಕೋಶಕೇಂದ್ರವಿರುವ ಉಬ್ಬನ್ನು ಬಿಟ್ಟರೆ ಈ ಜೀವಕೋಶದ ದಪ್ಪ ಒಂದು ಮೈಕ್ರಾನ್‌ಗೂ ಕಡಿಮೆ, ಆದ್ದರಿಂದ ಅಂಚಿನ ಕಡೆಗೆ ನನಗೆ ಸಿಗುವುದು ಒಂದು ಸೆಂಟಿಮೀಟರಿನಷ್ಟು ಪಟ್ಟಿ ಮಾತ್ರ. ಕೋಶಪೊರೆಯ ನಿಜವಾದ ದಪ್ಪ ಈ ಪ್ರಮಾಣದಲ್ಲಿ 0.15 ಮಿಲಿಮೀಟರ್, ಚೆನ್ನಾಗಿ ಚೂಪು ಮಾಡಿದ ಪೆನ್ಸಿಲಿನ ಗೆರೆಯೂ ಅದಕ್ಕಿಂತ ದಪ್ಪವಾಗಿಯೇ ಬೀಳುತ್ತದೆ. ರಕ್ತಕ್ಕೂ ದೇಹದ ಉಳಿದೆಲ್ಲ ಭಾಗಕ್ಕೂ ನಡುವೆ ಇರುವ ಪದರ ಎಷ್ಟು ತೆಳುವಾದದ್ದೆಂಬುದು ನನಗೆ ಮನದಟ್ಟಾದದ್ದು ಆ ಗೆರೆಯನ್ನು ಎಳೆದಾಗಲೇ.

ಮೂರು ಮತ್ತು ನಾಲ್ಕನೆಯ ವಾರ

ಇಲ್ಲಿ ಒಂದು ದೊಡ್ಡ ತಪ್ಪಾಯಿತು. ಸಕ್ಕರೆಯನ್ನು ಒಳಗೆ ಬಿಡುವ ದ್ವಾರಗಳೆಂದು ಗ್ಲುಟ್-4 ಎಂಬ ಪ್ರೋಟೀನುಗಳನ್ನೂ, ಅವುಗಳ ಪಕ್ಕದಲ್ಲಿ ಇನ್ಸುಲಿನ್ ಬಂದು ಕುಳಿತುಕೊಳ್ಳುವ ಗ್ರಾಹಕವನ್ನೂ ಶಾಯಿಯಲ್ಲಿ ಬರೆದು ಮುಗಿಸಿದ್ದೆ. ಆ ವ್ಯವಸ್ಥೆ ಮುಖ್ಯವಾಗಿ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳದ್ದು. ರಕ್ತನಾಳದ ಒಳಪದರದಲ್ಲಿ ಸಕ್ಕರೆ ಪ್ರಧಾನವಾಗಿ ಗ್ಲುಟ್-1 ಮೂಲಕ ಒಳಬರುತ್ತದೆ ಮತ್ತು ಆ ದ್ವಾರ ಇನ್ಸುಲಿನ್ನಿನ ಅಪ್ಪಣೆಗಾಗಿ ಕಾಯುವುದಿಲ್ಲ. ಹೊರಗೆ ಸಕ್ಕರೆ ಹೆಚ್ಚಾದಾಗ ಇದೇ ನಾಳದ ಗೋಡೆಯಲ್ಲಿರುವ ನಯಸ್ನಾಯು ಕೋಶಗಳು ತಮ್ಮ ದ್ವಾರಗಳನ್ನು ಕಡಿಮೆ ಮಾಡಿಕೊಳ್ಳುತ್ತವೆ. ಒಳಪದರದ ಕೋಶಗಳಿಗೆ ಅದು ಸರಿಯಾಗಿ ಸಾಧ್ಯವಾಗುವುದಿಲ್ಲ. ಹೊರಗಿನ ಮಟ್ಟ ಏರಿದಂತೆ ಒಳಗಿನ ಮಟ್ಟವೂ ಏರುತ್ತದೆ. ದೇಹದ ಎಲ್ಲ ಕೋಶಗಳನ್ನೂ ಸಕ್ಕರೆಯುಕ್ತ ರಕ್ತವೇ ತೊಯ್ಯಿಸುತ್ತಿದ್ದರೂ ಕೆಲವಕ್ಕೆ ಮಾತ್ರ ಹೆಚ್ಚು ಪೆಟ್ಟು ಬೀಳುವುದೇಕೆ ಎಂಬುದಕ್ಕೆ ಇದೇ ಬಹುಮಟ್ಟಿನ ಉತ್ತರವಾದ್ದರಿಂದ, ತಪ್ಪಿದ ಹಾಳೆಯನ್ನು ತೇಪೆ ಹಾಕದೆ ಪೂರ್ತಿ ಹೊಸದಾಗಿ ಬರೆದೆ.

ಹಾಳೆಯ ಮೇಲಂಚಿನಲ್ಲಿ ಎರಡು ಅಂಕಿಗಳನ್ನು ಗುರುತಿಸಿದ್ದೇನೆ. ಪ್ರಯೋಗಾಲಯಗಳಲ್ಲಿ ಈ ಕೋಶಗಳನ್ನು ಬೆಳೆಸುವಾಗ ಸಾಮಾನ್ಯ ಮಟ್ಟವೆಂದು ಲೀಟರಿಗೆ ಸುಮಾರು 5.5 ಮಿಲಿಮೋಲ್ ಗ್ಲೂಕೋಸನ್ನೂ, ಹೆಚ್ಚಿನ ಮಟ್ಟವೆಂದು 25 ಅಥವಾ 30 ಮಿಲಿಮೋಲನ್ನೂ ಬಳಸುತ್ತಾರೆ. 18ರಿಂದ ಗುಣಿಸಿದರೆ ಅವು ಡೆಸಿಲೀಟರಿಗೆ ಸುಮಾರು 100 ಮತ್ತು 450ರಿಂದ 540 ಮಿಲಿಗ್ರಾಂ ಆಗುತ್ತವೆ. ಎರಡನೆಯದು ಬಹುತೇಕ ರೋಗಿಗಳ ದಿನನಿತ್ಯದ ಮಟ್ಟಕ್ಕಿಂತ ತೀರ ಹೆಚ್ಚು ಎಂಬುದನ್ನು ಚಿತ್ರ ನೋಡುವವರು ಮರೆಯಬಾರದೆಂದು ಅಲ್ಲಿಯೇ ಬರೆದಿದ್ದೇನೆ.

ಐದರಿಂದ ಏಳನೆಯ ವಾರ

ಅತಿ ಹೆಚ್ಚು ಸಮಯ ತೆಗೆದುಕೊಂಡದ್ದು ಈ ಭಾಗ. ಪಠ್ಯಗಳಲ್ಲಿ ಹಾನಿಯ ನಾಲ್ಕು ದಾರಿಗಳನ್ನು ಪಟ್ಟಿಯಾಗಿ ಕೊಡುತ್ತಾರೆ. ಓದಿದವರಿಗೆ ಅವು ನಾಲ್ಕು ಬೇರೆ ಬೇರೆ ಕೇಡುಗಳೆಂಬ ಭಾವನೆ ಬರುತ್ತದೆ. ಮಧುಮೇಹ ಸಂಶೋಧಕ ಮೈಕೆಲ್ ಬ್ರೌನ್ಲೀ ಮತ್ತು ಸಂಗಡಿಗರು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಇವುಗಳಲ್ಲಿ ಮೂರಕ್ಕೆ ಒಂದು ಸಾಮಾನ್ಯ ಮೂಲವನ್ನು ಸೂಚಿಸಿತು. ಸಕ್ಕರೆಯ ಹರಿವು ಹೆಚ್ಚಾದಾಗ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಎಲೆಕ್ಟ್ರಾನ್ ಸಾಗಣೆಯ ಸರಪಳಿಯಿಂದ ಕೆಲವು ಎಲೆಕ್ಟ್ರಾನುಗಳು ತಪ್ಪಿಸಿಕೊಂಡು ಆಮ್ಲಜನಕವನ್ನು ಸೇರುತ್ತವೆ. ಹಾಗೆ ಹುಟ್ಟುವುದೇ ಸೂಪರ್‌ಆಕ್ಸೈಡ್ ಎಂಬ ಹಾನಿಕರ ವಸ್ತು. ಮೊದಲು ನಾನು ಸೂಪರ್‌ಆಕ್ಸೈಡಿನಿಂದ ಸಕ್ಕರೆಯನ್ನು ಒಡೆಯುವ ಹಂತಗಳಲ್ಲೊಂದನ್ನು ನಡೆಸುವ ಜಿಎಪಿಡಿಎಚ್ ಎಂಬ ಕಿಣ್ವಕ್ಕೆ ನೇರವಾಗಿ ಒಂದು ಕೆಂಪು ಬಾಣವನ್ನು ಎಳೆದಿದ್ದೆ. ಆದರೆ ದಾರಿ ಕೋಶಕೇಂದ್ರವನ್ನು ಬಳಸಿಕೊಂಡು ಬರುತ್ತದೆ: ಡಿಎನ್‌ಎ ಎಳೆಗಳು ತುಂಡಾಗುತ್ತವೆ, ಅವುಗಳ ದುರಸ್ತಿಗಾಗಿ ಪಾರ್ಪ್ ಎಂಬ ಕಿಣ್ವ ಎಚ್ಚೆತ್ತುಕೊಳ್ಳುತ್ತದೆ, ಅದು ಕಟ್ಟುವ ಉದ್ದನೆಯ ಸರಗಳು ಜಿಎಪಿಡಿಎಚ್‌ಗೆ ಅಂಟಿಕೊಂಡು ಅದರ ವೇಗವನ್ನು ತಗ್ಗಿಸುತ್ತವೆ. ತನ್ನನ್ನು ಸರಿಪಡಿಸಿಕೊಳ್ಳಲು ಹೊರಟ ಕೋಶ ಅದೇ ಪ್ರಯತ್ನದಲ್ಲಿ ತನ್ನ ಇಂಧನದ ದಾರಿಯನ್ನು ಕಟ್ಟಿಹಾಕಿಕೊಳ್ಳುವ ಈ ತಿರುವನ್ನು ಬರೆಯುವಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಕಾಲುವೆಗೆ ಅಡ್ಡಕಟ್ಟೆ ಹಾಕಿದರೆ ನೀರು ಹಿಂದಕ್ಕೆ ತುಂಬಿ ಪಕ್ಕದ ತೋಡುಗಳಿಗೆ ನುಗ್ಗುವಂತೆ, ಜಿಎಪಿಡಿಎಚ್ ನಿಧಾನವಾದಾಗ ಅದಕ್ಕಿಂತ ಹಿಂದಿನ ಹಂತಗಳ ವಸ್ತುಗಳೆಲ್ಲ ಶೇಖರವಾಗಿ ಬೇರೆ ದಾರಿ ಹಿಡಿಯುತ್ತವೆ. ಗ್ಲೂಕೋಸ್ ಸಾರ್ಬಿಟಾಲ್ ಆಗಿ ಬದಲಾಗುವ ದಾರಿಯಲ್ಲಿ ಎನ್‌ಎಡಿಪಿಎಚ್ ಎಂಬ ಸಹಾಯಕ ಅಣು ಖರ್ಚಾಗುತ್ತದೆ. ಕೋಶದ ಮುಖ್ಯ ರಕ್ಷಕವಾದ ಗ್ಲುಟಾಥಯೋನನ್ನು ಮತ್ತೆ ಸಿದ್ಧಗೊಳಿಸಲು ಬೇಕಾಗುವುದೂ ಅದೇ ಎನ್‌ಎಡಿಪಿಎಚ್. ಇನ್ನೊಂದು ಕಡೆ ಮೀಥೈಲ್‌ಗ್ಲೈಆಕ್ಸಾಲ್ ಹುಟ್ಟಿ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ನಾಲ್ಕರಲ್ಲಿ ಉಳಿದೆರಡಾದ ಪ್ರೋಟೀನ್ ಕೈನೇಸ್-ಸಿ ಮತ್ತು ಹೆಕ್ಸೋಸಮೈನ್ ದಾರಿಗಳನ್ನು ಸದ್ಯಕ್ಕೆ ತೆಳು ಬಣ್ಣದಲ್ಲಿ ಗುರುತಿಸಿ ಮುಂದೆ ಸಾಗಿದ್ದೇನೆ.

ಒಂದೇ ಮೂಲದ ಈ ವಿವರಣೆ ಬಹಳ ಅಚ್ಚುಕಟ್ಟಾದದ್ದು. ಅದನ್ನು ಹಾಗೆಯೇ ಅಂತಿಮವೆಂದು ಬರೆಯುವುದು ಪ್ರಾಮಾಣಿಕವಲ್ಲ ಎಂಬುದು ನನ್ನ ಅಭಿಪ್ರಾಯ. ಕೋಶಪೊರೆಯಲ್ಲಿರುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವಗಳೂ ಸೂಪರ್‌ಆಕ್ಸೈಡನ್ನು ಉತ್ಪಾದಿಸುತ್ತವೆ, ಮತ್ತು ಯಾವುದರ ಪಾಲು ಎಷ್ಟು ಎಂಬುದರ ಬಗ್ಗೆ ಸಂಶೋಧಕರಲ್ಲಿ ವಾದವಿದೆ. ಆದ್ದರಿಂದ ಎರಡು ಮೂಲಗಳನ್ನೂ ಸಮಾನ ಗಾತ್ರದಲ್ಲಿ ಬರೆದೆ.

ಎಂಟನೆಯ ವಾರ

ನೈಟ್ರಿಕ್ ಆಕ್ಸೈಡಿಗೆ ನೀಲಿ ಬಣ್ಣವನ್ನು ಕೊಟ್ಟಿದ್ದೇನೆ. ರಕ್ತನಾಳ ಸಡಿಲಗೊಳ್ಳಲು ಈ ಒಳಪದರವೇ ಸಂದೇಶ ಕಳುಹಿಸಬೇಕೆಂಬುದನ್ನು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬುದು ಅನಂತರ ತಿಳಿಯಿತು, 1998ರ ನೊಬೆಲ್ ಪ್ರಶಸ್ತಿ ಅವರಿಗೂ ಇನ್ನಿಬ್ಬರಿಗೂ ಬಂದಿತು. ಸೂಪರ್‌ಆಕ್ಸೈಡನ್ನು ಅಡಗಿಸುವ ಕಿಣ್ವ ಕೋಶದಲ್ಲಿಯೇ ಇದ್ದರೂ, ನೈಟ್ರಿಕ್ ಆಕ್ಸೈಡ್ ಅದಕ್ಕಿಂತ ವೇಗವಾಗಿ ಸೂಪರ್‌ಆಕ್ಸೈಡನ್ನು ಸೇರಿ ಪೆರಾಕ್ಸಿನೈಟ್ರೈಟ್ ಆಗಿಬಿಡುತ್ತದೆ. ಇದರಿಂದ ಸಂದೇಶವೂ ನಷ್ಟವಾಗುತ್ತದೆ, ಹೊಸ ವಿಷವೂ ಹುಟ್ಟುತ್ತದೆ. ಆ ವಿಷ ನೈಟ್ರಿಕ್ ಆಕ್ಸೈಡನ್ನು ತಯಾರಿಸುವ ಕಿಣ್ವಕ್ಕೆ ಬೇಕಾದ ಟೆಟ್ರಾಹೈಡ್ರೋಬಯಾಪ್ಟೆರಿನನ್ನು ಹಾಳುಮಾಡಿದಾಗ, ಅದೇ ಕಿಣ್ವ ನೈಟ್ರಿಕ್ ಆಕ್ಸೈಡಿನ ಬದಲು ಸೂಪರ್‌ಆಕ್ಸೈಡನ್ನು ಹೊರಹಾಕತೊಡಗುತ್ತದೆ. ಈ ಕಿಣ್ವವನ್ನು ಅರ್ಧ ನೀಲಿ, ಅರ್ಧ ಕೆಂಪಾಗಿ ಬರೆದಿದ್ದೇನೆ. ಇಡೀ ಚಿತ್ರದಲ್ಲಿ ನನಗೆ ತೃಪ್ತಿ ಕೊಟ್ಟ ಜಾಗ ಇದೊಂದೇ.

ಕೆಲಸವನ್ನು ನೋಡಿದ ಸ್ನೇಹಿತರೊಬ್ಬರು, ಜೀವಸತ್ವದ ಮಾತ್ರೆಗಳು ಇದನ್ನು ತಡೆಯುವಂತೆ ಒಂದು ಹಸಿರು ಬಾಣವಿರಲಿ ಎಂದರು. ಹಾಕಲಿಲ್ಲ. 2000ದಲ್ಲಿ ಪ್ರಕಟವಾದ ಹೋಪ್ ಎಂಬ ದೊಡ್ಡ ಪರೀಕ್ಷೆಯಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್-ಇ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲ.

ಒಂಬತ್ತು ಮತ್ತು ಹತ್ತನೆಯ ವಾರ

ಚಿತ್ರದ ಮೇಲೆ ಹಾಸಲು ಒಂದು ಪಾರದರ್ಶಕ ಹಾಳೆಯನ್ನು ಸಿದ್ಧಗೊಳಿಸಿದೆ. ಸಕ್ಕರೆ ಇಳಿದ ಮೇಲೂ ಉಳಿಯುವ ಗುರುತುಗಳು ಅದರಲ್ಲಿವೆ. 1993ರಲ್ಲಿ ಫಲಿತಾಂಶ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ 1,441 ಮಂದಿ ಒಂದನೆಯ ಬಗೆಯ ಮಧುಮೇಹಿಗಳನ್ನು ಸರಾಸರಿ ಆರೂವರೆ ವರ್ಷ ಎರಡು ಗುಂಪುಗಳಲ್ಲಿ, ಒಂದಕ್ಕೆ ಸಕ್ಕರೆಯ ಬಿಗಿ ನಿಯಂತ್ರಣ, ಇನ್ನೊಂದಕ್ಕೆ ವಾಡಿಕೆಯ ಚಿಕಿತ್ಸೆ ಕೊಟ್ಟು, ನೋಡಿಕೊಳ್ಳಲಾಯಿತು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪುಗಳ ಸಕ್ಕರೆಯ ಮಟ್ಟ ಹೆಚ್ಚುಕಡಿಮೆ ಒಂದೇ ಆದರೂ, ಮೊದಲು ಬಿಗಿಯಾಗಿ ನಿಯಂತ್ರಿಸಿಕೊಂಡವರ ಕಣ್ಣು, ಮೂತ್ರಪಿಂಡಗಳು ಅನೇಕ ವರ್ಷ ಉತ್ತಮವಾಗಿಯೇ ಉಳಿದವು. ಸ್ವಲ್ಪ ಕಾಲ ಮಾತ್ರ ಹೆಚ್ಚು ಸಕ್ಕರೆಯಲ್ಲಿಟ್ಟ ಒಳಪದರದ ಕೋಶಗಳಲ್ಲಿಯೂ, ಅವನ್ನು ಸಾಮಾನ್ಯ ಮಟ್ಟಕ್ಕೆ ತಂದ ಮೇಲೆ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲಿನ ರಾಸಾಯನಿಕ ಗುರುತುಗಳು ದಿನಗಟ್ಟಲೆ ಉಳಿದದ್ದನ್ನು ಪ್ರಯೋಗಗಳು ತೋರಿಸಿವೆ. ಆ ಗುರುತುಗಳನ್ನು ಕೋಶಕೇಂದ್ರದೊಳಗೆ ಸಣ್ಣ ಕಪ್ಪು ಚುಕ್ಕೆಗಳಾಗಿ ಇಟ್ಟಿದ್ದೇನೆ.

ಇಲ್ಲಿಯವರೆಗೆ ಬರೆದದ್ದು ನಯಸ್ನಾಯುವಿನ ಹೊದಿಕೆಯಿರುವ ಸಣ್ಣ ಧಮನಿಯ ಕೋಶ. ತಂದೆಯವರ ಕಣ್ಣಿನ ಚುಕ್ಕೆಗಳಿರುವುದು ಲೋಮನಾಳಗಳಲ್ಲಿ. ಅಲ್ಲಿ ಒಳಪದರವನ್ನು ಹೊರಗಿನಿಂದ ತಬ್ಬಿಕೊಂಡಿರುವ ಪೆರಿಸೈಟ್ ಎಂಬ ಕೋಶಗಳು ಮಧುಮೇಹದಲ್ಲಿ ಮೊದಲೇ ಸಾಯುತ್ತವೆ ಮತ್ತು ಆಸರೆ ತಪ್ಪಿದ ಗೋಡೆ ಉಬ್ಬಿಕೊಳ್ಳುತ್ತದೆ. ಅದಕ್ಕಾಗಿ ಬಲಗಡೆಗೆ ಇನ್ನೊಂದು ಹಾಳೆಯನ್ನು ಅಂಟಿಸಿದ್ದೇನೆ. ಲೋಮನಾಳದ ಹೊರಗೆರೆಯಷ್ಟೇ ಈಗ ಅದರಲ್ಲಿದೆ, ಪೆರಿಸೈಟಿನ ಜಾಗ ಖಾಲಿಯಾಗಿದೆ.