ಮೋರಿಯಲ್ಲಿ ಮೊಸಳೆ, ಮಾಡಿನಲ್ಲಿ ಮೇಷ್ಟ್ರು

ಜುಲೈ 7, 2024, ಭಾನುವಾರ
ಬಿಜೈ, ಮಂಗಳೂರು

ಬೆಳಿಗ್ಗೆಯಿಂದ ಒಂದೇ ಸಮನೆ ಮಳೆ. ಅಕ್ಕನ ಮಗಳು ಒಂದನೇ ಕ್ಲಾಸು, ಎದುರು ಮನೆಯ ಹುಡುಗ ಮೂರನೇ ಕ್ಲಾಸು, ಇಬ್ಬರದ್ದೂ ನಮ್ಮ ಹಾಲ್‌ನಲ್ಲೇ ಠಿಕಾಣಿ. ನಾಳೆ ಡಿಸಿ ರಜೆ ಕೊಡ್ತಾರಾ ಅಂತ ಕೇಳಿ ಕೇಳಿ ನನ್ನ ತಲೆ ತಿಂದಾಯ್ತು. ಶಾಲೆಗೆ ಹೋಗೋಕೆ ಮನಸ್ಸಿಲ್ಲದವರಿಗೆ ಶಾಲೆ ಕಥೆಯನ್ನೇ ಓದೋಣ ಅಂತ ಚಿತ್ರಪುಸ್ತಕಗಳ ಕಟ್ಟು ಕೆಳಗಿಳಿಸಿದೆ. ಪುಸ್ತಕ ಇಂಗ್ಲಿಷಿನವು. ಚಿತ್ರ ತೋರಿಸಿಕೊಂಡು ನಮ್ಮ ಮಾತಲ್ಲೇ ಹೇಳಿಕೊಂಡು ಹೋದೆ.

ಮೊದಲು ತೆಗೆದದ್ದು ಜಾನ್ ಬರ್ನಿಂಗ್‌ಹ್ಯಾಮ್ 1987ರಲ್ಲಿ ಮಾಡಿದ ಪುಸ್ತಕ, ಯಾವಾಗಲೂ ಲೇಟಾಗಿ ಬರುವ ಹುಡುಗನದ್ದು. ಅವನ ಹೆಸರೇ ಒಂದು ಮಾರು ಉದ್ದ, ಜಾನ್ ಪ್ಯಾಟ್ರಿಕ್ ನಾರ್ಮನ್ ಮೆಕ್‌ಹೆನ್ನೆಸಿ. ಪ್ರತಿ ಸಲವೂ ಪೂರ್ತಿ ಹೆಸರು ಹೇಳಲೇಬೇಕು, ಅದರಲ್ಲೇ ಅರ್ಧ ನಗು. ಶಾಲೆಗೆ ಹೊರಟವನ ಚೀಲವನ್ನು ಮೋರಿಯಿಂದ ಬಂದ ಮೊಸಳೆ ಹಿಡಿದುಕೊಳ್ಳುತ್ತದೆ. ಮೇಷ್ಟ್ರು ನಂಬುವುದಿಲ್ಲ. ಮೊಸಳೆ ಬಗ್ಗೆ ಸುಳ್ಳು ಹೇಳಬಾರದು ಅಂತ 300 ಸಲ ಇಂಪೊಸಿಷನ್. ಮುಂದಿನ ಸಲ ಸಿಂಹ ಚಡ್ಡಿ ಹರಿಯುತ್ತದೆ, ಮೂಲೆಯಲ್ಲಿ ನಿಂತು 400 ಸಲ ಹೇಳಬೇಕು. ಆಮೇಲೆ ಸೇತುವೆ ಮೇಲೆ ದೊಡ್ಡ ಅಲೆ ಬಂದು ತೊಪ್ಪೆ ಮಾಡುತ್ತದೆ, 500 ಸಲ. ಅಲೆಯ ಪುಟ ಬಂದದ್ದೇ ಎದುರು ಮನೆಯವನು "ಇದರಲ್ಲಿ ಸುಳ್ಳು ಎಂತ ಉಂಟು? ನಮ್ಮ ರಸ್ತೆಯಲ್ಲೂ ಬರ್ತದಲ್ಲ ಆಂಟಿ" ಅಂದ. ಮಂಗಳೂರಿನ ಮಕ್ಕಳಿಗೆ ಈ ಕಥೆ ನಂಬಿಸುವುದು ಕಷ್ಟವೇ ಅಲ್ಲ. ತೆರೆದ ಚರಂಡಿ, ಉಕ್ಕುವ ನೀರು, ಒದ್ದೆ ಯೂನಿಫಾರ್ಮು ಎಲ್ಲ ಮನೆಯಲ್ಲೇ ಇದೆ, ಮೊಸಳೆಯೊಂದೇ ಬಾಕಿ.

ಕೊನೆಗೆ ಒಂದು ದಿನ ಹುಡುಗ ಸರಿಯಾದ ಹೊತ್ತಿಗೆ ಬರುತ್ತಾನೆ. ನೋಡಿದರೆ ಮೇಷ್ಟ್ರನ್ನು ದೊಡ್ಡ ಗೊರಿಲ್ಲಾ ಮಾಡಿನ ಹತ್ತಿರ ಎತ್ತಿ ಹಿಡಿದಿದೆ. ಇಳಿಸು ಅಂದರೆ ಹುಡುಗ, ಈ ಕಡೆಯಲ್ಲೆಲ್ಲ ಗೊರಿಲ್ಲಾ ಇರುವುದಿಲ್ಲ ಸಾರ್, ಅಂತ ಹೊರಟೇ ಹೋಗುತ್ತಾನೆ! ಇಬ್ಬರೂ ಬಿದ್ದು ಬಿದ್ದು ನಕ್ಕರು. ಇನ್ನೊಂದು ಮಜಾ ಅವರೇ ಹುಡುಕಿದ್ದು. ರಟ್ಟಿನ ಒಳಗಿನ ಪುಟ ತುಂಬಾ ಹುಡುಗ ಬರೆದ ಇಂಪೊಸಿಷನ್, ಮಕ್ಕಳ ಕೈಬರಹದಲ್ಲಿ, ಸಾಲಿನ ಮೇಲೆ ಸಾಲು. ಎದುರು ಮನೆಯವನು ಅದನ್ನು ಬೆರಳಿಟ್ಟು ನೋಡುತ್ತಾ ಹೋದ, ಎಲ್ಲಿ ತಪ್ಪು ಬರೆದಿದ್ದಾನೆ ಅಂತ.

ಕಾಫಿಗೆ ಬಂದ ಅವನ ಅಮ್ಮನಿಗೆ ಸ್ವಲ್ಪ ಇರುಸುಮುರುಸು. "ಇಂಥದ್ದು ಓದಿದ್ರೆ ಟೀಚರಿಗೆ ಮರ್ಯಾದೆ ಕೊಡ್ತಾರಾ ಮಾರಾಯ್ರೆ?" ನನಗೆ ಹಾಗೆ ಅನ್ನಿಸುವುದಿಲ್ಲ. ದಿನವಿಡೀ ಕೈಕಟ್ಟಿ ಕೂರುವವರಿಗೆ ಪುಸ್ತಕದಲ್ಲಾದರೂ ಒಮ್ಮೆ ಗೆಲ್ಲಲು ಸಿಗಬೇಕಲ್ವಾ. ಹಾಗಂತ ಟೀಚರ್ ಯಾವಾಗಲೂ ಸೋಲಬೇಕು ಅಂತಲೂ ಇಲ್ಲ. 1977ರ 'ಮಿಸ್ ನೆಲ್ಸನ್ ಈಸ್ ಮಿಸ್ಸಿಂಗ್' ಇದೆಯಲ್ಲ, ಹ್ಯಾರಿ ಅಲಾರ್ಡ್ ಬರೆದು ಜೇಮ್ಸ್ ಮಾರ್ಷಲ್ ಚಿತ್ರ ಬಿಡಿಸಿದ್ದು, ಅದರಲ್ಲಿ ಗೆಲ್ಲುವುದು ಟೀಚರೇ. ಪಾಪದ ಟೀಚರ್, ಮಹಾ ತುಂಟ ಮಕ್ಕಳು. ಒಂದು ದಿನ ನೆಲ್ಸನ್ ಟೀಚರ್ ಬರುವುದೇ ಇಲ್ಲ, ಬದಲಿಗೆ ಕಪ್ಪು ಉಡುಪಿನ ಸ್ವಾಂಪ್ ಟೀಚರ್ ಬಂದು ಎಲ್ಲರ ಬೆವರಿಳಿಸುತ್ತಾರೆ. ಯಾರು ಯಾರೆಂದು ಪುಸ್ತಕ ಬಾಯಿ ಬಿಟ್ಟು ಹೇಳುವುದಿಲ್ಲ, ಕೊನೆಯಲ್ಲಿ ನೆಲ್ಸನ್ ಟೀಚರ ಕಪಾಟಿನಲ್ಲಿ ಒಂದು ಕಪ್ಪು ಉಡುಪು ಕಾಣಿಸುತ್ತದೆ, ಅಷ್ಟೇ. ಇಲ್ಲಿ ದೊಡ್ಡವರು ಬಾಯಿ ಮುಚ್ಚಿಕೊಂಡಿರಬೇಕು. ನಾನು ಪುಟ ಹಿಡಿದು ಸುಮ್ನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕವಳು ಕಿರುಚಿದಳು, "ಚಿಕ್ಕಮ್ಮಾ, ಅವರೇ ಇವರು!"

ಚಿತ್ರಪುಸ್ತಕದ ತಮಾಷೆ ಜಾಸ್ತಿ ಇರುವುದು ಅಕ್ಷರದಲ್ಲಿ ಅಲ್ಲ. ಡೇವಿಡ್ ಶಾನನ್ 1999ರಲ್ಲಿ ತಂದ 'ಡೇವಿಡ್ ಗೋಸ್ ಟು ಸ್ಕೂಲ್' ನೋಡಿ, ಅಕ್ಷರದಲ್ಲಿ ಬರೀ ಟೀಚರ ಬೈಗುಳ, ಡೇವಿಡ್ ಮಾಡುವ ಕಿತಾಪತಿ ಎಲ್ಲ ಚಿತ್ರದಲ್ಲಿ. ಓದಲು ಬರದ ಮಗುವಿಗೇ ಮೊದಲು ಅರ್ಥವಾಗುತ್ತದೆ, ನಾವು ದೊಡ್ಡವರು ಅಕ್ಷರದ ಹಿಂದೆ ಓಡಿ ಪುಟ ತಿರುವಿಬಿಡುತ್ತೇವೆ. ರಯಾನ್ ಹಿಗ್ಗಿನ್ಸ್ 2018ರಲ್ಲಿ ತಂದ ಡೈನೋಸಾರ್ ಹುಡುಗಿ ಪೆನೆಲೊಪಿ ಕಥೆಯೂ ಹಾಗೇ. ಮೊದಲ ದಿನವೇ ಕ್ಲಾಸಿನ ಮಕ್ಕಳನ್ನೆಲ್ಲ ತಿಂದು, ಟೀಚರ್ ಗದರಿದ ಮೇಲೆ ಉಗಿಯುತ್ತಾಳೆ. ಅವಳ ಜೊಲ್ಲಿನಲ್ಲಿ ತೊಯ್ದು ನಿಂತ ಮಕ್ಕಳ ಮುಖ ನೋಡಬೇಕು. ಅವಳಿಗೆ ಬುದ್ಧಿ ಬರುವುದು ಯಾರ ಉಪದೇಶದಿಂದಲೂ ಅಲ್ಲ, ಕ್ಲಾಸಿನ ಗಾಜಿನ ತೊಟ್ಟಿಯ ಮೀನು ಅವಳ ಬೆರಳು ಕಚ್ಚಿದಾಗ. ಮೀನೂಟದ ಊರಿನ ಮಕ್ಕಳಿಗೆ ಮೀನೇ ಕಚ್ಚಿದ್ದು ಬಹಳ ಖುಷಿ.

ಈ ಪುಸ್ತಕಗಳು ದುಬಾರಿ, ಸುಳ್ಳು ಹೇಳುವುದಿಲ್ಲ. ಕನ್ನಡದಲ್ಲೇ, ಅದೂ ಪುಕ್ಕಟೆ ಬೇಕೆಂದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟ್ ಇದೆ. ಮಟ್ಟ ನೋಡಿ ಆರಿಸಬಹುದು, ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಮೊಬೈಲಿನಲ್ಲಿ ತೋರಿಸಿದರೆ ಎರಡನೇ ಪುಟಕ್ಕೇ ಗೇಮ್ ಕೇಳುತ್ತಾರೆ, ಹಾಗಾಗಿ ನಾನು ಪ್ರಿಂಟೇ ಹಾಕಿಸುವುದು. ಕೊನೆಯ ಪುಟದಲ್ಲಿ ತುಂಟ ಹುಡುಗ ಕೈಮುಗಿದು ಇನ್ನು ಮೇಲೆ ಚೆನ್ನಾಗಿ ಓದುತ್ತೇನೆ ಅನ್ನುವ ಪುಸ್ತಕಗಳನ್ನು ಮಾತ್ರ ನಾನು ಕೊಳ್ಳುವುದಿಲ್ಲ. ಮಕ್ಕಳು ಅದನ್ನು ಎರಡನೇ ಸಲ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ನನಗೆ ಬೇಕಾದ ಒಂದು ಪುಸ್ತಕ ಇನ್ನೂ ಸಿಕ್ಕಿಲ್ಲ. ನಮ್ಮ ಕರಾವಳಿಯ ಮಳೆಗಾಲದ ಶಾಲೆ. ಜಗಲಿಯಲ್ಲಿ ಸಾಲಾಗಿ ಬಿಚ್ಚಿಟ್ಟ ಒಂದೇ ಥರದ ಕಪ್ಪು ಕೊಡೆಗಳು, ಸಂಜೆ ಯಾರದ್ದು ಯಾರಿಗೋ. ರಾತ್ರಿಯೆಲ್ಲ ಜಡಿಮಳೆ ಅಂತ ರಜೆ ಕೊಟ್ಟ ದಿನವೇ ಬೆಳಿಗ್ಗೆ ಹತ್ತಕ್ಕೆ ಚುರುಚುರು ಬಿಸಿಲು. ಇದನ್ನು ಹೇಳಿದ್ದಕ್ಕೆ ಎದುರು ಮನೆಯವನು ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೊಡೆ ಬಿಡಿಸಲು ಕೂತಿದ್ದಾನೆ. ಸದ್ಯಕ್ಕೆ ಎಲ್ಲ ಕೊಡೆಗೂ ಮೊಸಳೆಯ ಬಾಲ ಇದೆ, ಡಿಸಿಯವರನ್ನು ಗೊರಿಲ್ಲಾ ಹಿಡಿದುಕೊಂಡಿದೆ.